ಬಾನೆಟ್ ಉಬ್ಬಿದ್ರೆ ಪವರ್ ಬರಲ್ಲ ಗುರು

1/4
ಹೋದ ಸಲ ಹಾಕಿದ ಎಂಜಿಬಿ ಫೋಟೋ ಕೆಳಗೆ ಬಂದ ಕಾಮೆಂಟ್ ನೋಡಿದ್ರಲ್ಲ? "ಬಾನೆಟ್ ಚಪ್ಪಟೆ, ದಮ್ಮೇ ಇಲ್ಲ." "ಒಂದು ಸ್ಕೂಪ್ ಕೂರ್ಸಿದ್ರೆ ಬೆಂಕಿ." ಬೆಂಕಿ ಅಂತೆ! ನಮ್ಮ ಕ್ಲಾಸಲ್ಲೇ ಡಬಲ್ ಟೇಪ್ ಹಾಕಿ ಪ್ಲಾಸ್ಟಿಕ್ ಸ್ಕೂಪ್ ಅಂಟಿಸ್ಕೊಂಡಿರೋ ಮಹಾನುಭಾವರು ಇದಾರೆ. ಅದರ ಕೆಳಗೆ ತೂತೂ ಇಲ್ಲ. ಒಳಗೆ ಗಾಳಿ ಹೋಗೋದಾದ್ರೂ ಎಲ್ಲಿಂದ? ಅದು ಅವರ ದುಡ್ಡು, ಅವರ ಶೋಕಿ, ಬಿಡಿ. ನನಗೆ ಉರಿಯೋದು ಐವತ್ತು ವರ್ಷದ ಹಳೇ ಕಾರಿನ ಒರಿಜಿನಲ್ ಬಾನೆಟ್‌ಗೆ ಗ್ರೈಂಡರ್ ಹಚ್ಚೋ ರೀಲ್ಸ್ ನೋಡಿದಾಗ. ಕೊಯ್ದ ಶೀಟು ಮತ್ತೆ ಕೂಡಲ್ಲ. ಕಾಮರ್ಸ್ ಭಾಷೇಲಿ ಹೇಳ್ಬೇಕಂದ್ರೆ ಆಸ್ತೀನ ಕೈಯಾರೆ ರೈಟ್ ಆಫ್ ಮಾಡಿದ ಹಾಗೆ.

2/4
ಈಗ ಅದೇ ಎಂಜಿಬಿ ಕಥೆ ಕೇಳಿ, ಯಾಕಂದ್ರೆ ಉತ್ತರ ಅದರಲ್ಲೇ ಇದೆ.

1962ರಲ್ಲಿ ಬಂದ ಇಂಗ್ಲೆಂಡಿನ ಪುಟ್ಟ ಸ್ಪೋರ್ಟ್ಸ್ ಕಾರು. 1798 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್ ಎರಡೂ ಎಂಜಿನ್ ಪಕ್ಕದಲ್ಲಿ. ಹಾಗಾಗಿ ಬಾನೆಟ್ ನೀಟಾಗಿ ಮುಚ್ಚುತ್ತೆ. 1967ರಲ್ಲಿ ಇದೇ ಬಾಡಿಯೊಳಗೆ 2912 ಸಿಸಿಯ ಆರು ಸಿಲಿಂಡರ್ ಎಂಜಿನ್ ತುರುಕಿ ಎಂಜಿಸಿ ಅಂತ ಬಿಟ್ರು. ಎಂಜಿನ್ ಉದ್ದ, ರೇಡಿಯೇಟರ್ ಮುಂದೆ ಹೋಯ್ತು, ಜಾಗ ಸಾಲಲಿಲ್ಲ. ಬಾನೆಟ್ ಮೇಲೆ ದೊಡ್ಡ ಉಬ್ಬು, ಸಾಲದು ಅಂತ ಕಾರ್ಬ್ಯುರೇಟರ್‌ಗಾಗಿ ಇನ್ನೊಂದು ಕಣ್ಣೀರ ಹನಿ ಆಕಾರದ ಪುಟ್ಟ ಉಬ್ಬು. ನೋಡೋಕೆ ಗತ್ತು. ಆದ್ರೆ ಆ ಕಾಲದ ಪತ್ರಿಕೆಗಳು ಮೂತಿ ಭಾರ ಅಂತ ಬೈದ್ವು, 1969ಕ್ಕೆ ಅಂಗಡಿ ಬಂದ್.

ಆಮೇಲೆ ಕೆನ್ ಕಾಸ್ಟೆಲ್ಲೋ ಅನ್ನೋರು ಎಂಜಿಬಿಗೆ ರೋವರ್‌ನ ಅಲ್ಯೂಮಿನಿಯಂ ವಿ8 ಕೂರಿಸಿ ಮಾರೋಕೆ ಶುರು ಮಾಡಿದ್ರು. ಎಂಜಿನ್ ಹಗುರ, ಐಡಿಯಾ ಸೂಪರ್. ಕಾರ್ಬ್ಯುರೇಟರ್ ಮಾತ್ರ ಎಂಜಿನ್ ತಲೆ ಮೇಲೆ ಕೂತಿದ್ರಿಂದ ಮತ್ತೆ ಬಾನೆಟ್ ಉಬ್ಬು. 1973ರಲ್ಲಿ ಕಂಪನಿಯವರೇ ಅದೇ 3528 ಸಿಸಿ ವಿ8 ಹಾಕಿ ಎಂಜಿಬಿ ಜಿಟಿ ವಿ8 ತಂದ್ರು. ಉಬ್ಬು ಇಲ್ಲ! ಹೊಸ ಮ್ಯಾನಿಫೋಲ್ಡ್ ಮಾಡಿ ಎರಡೂ ಕಾರ್ಬ್ಯುರೇಟರನ್ನ ಎಂಜಿನ್ ಹಿಂದಕ್ಕೆ ಸರಿಸಿದ್ರು, ಅಷ್ಟೇ. 137 ಬಿಎಚ್‌ಪಿ, ಬಾನೆಟ್ ಚಪ್ಪಟೆ. ಈಗ ಹೇಳಿ, ದಮ್ ಎಲ್ಲಿದೆ?

ಮರ್ಸಿಡಿಸ್ 300 ಎಸ್‌ಎಲ್‌ನಲ್ಲೂ ಹೀಗೇ, 1954ರಲ್ಲಿ ಇಡೀ ಎಂಜಿನ್ನನ್ನೇ ಪಕ್ಕಕ್ಕೆ ವಾಲಿಸಿ ಕೂರಿಸಿ ಬಾನೆಟ್ ತಗ್ಗಿಸಿದ್ರು.

3/4
"ಹಂಗಾದ್ರೆ ಗಾಳಿ?" ಅಂತೀರಾ. ನ್ಯಾಯವಾದ ಪ್ರಶ್ನೆ.

ಬಾನೆಟ್ ತಾಗುತ್ತೆ ಅಂತ ಸುಮಾರು ಜನ ಏರ್ ಫಿಲ್ಟರನ್ನೇ ತೆಳು ಮಾಡ್ತಾರೆ. ಮೂರಿಂಚು ಎತ್ತರದ ರೌಂಡ್ ಫಿಲ್ಟರ್ ತೆಗೆದು ಅದೇ ಅಗಲದ ಎರಡಿಂಚಿಂದು ಹಾಕಿದ್ರೆ ಗಾಳಿ ಸೋಸೋ ಜಾಗದಲ್ಲಿ ಮೂರನೇ ಒಂದು ಪಾಲು ಖಲಾಸ್. ಮೇಲಿನ ಮುಚ್ಚಳ ಕಾರ್ಬ್ಯುರೇಟರ್ ಬಾಯಿಗೆ ಹತ್ತಿರ ಬಂದಷ್ಟೂ ಅದರ ಉಸಿರು ಕಟ್ಟುತ್ತೆ. ಮೂಗಿಗೆ ಅಂಗೈ ಹತ್ತಿರ ತಂದು ಜೋರಾಗಿ ಉಸಿರು ಎಳೆದು ನೋಡಿ, ಗೊತ್ತಾಗುತ್ತೆ.

ಇನ್ನು ಕೆಲವರು ಫಿಲ್ಟರ್ ಬಾಕ್ಸ್ ಕಿತ್ತು ಓಪನ್ ಫಿಲ್ಟರ್ ಹಾಕ್ತಾರೆ. ಸೌಂಡ್ ಮಸ್ತ್, ಒಪ್ಪೋಣ. ಆದ್ರೆ ಅದು ಎಳ್ಕೊಳ್ಳೋದು ಬಾನೆಟ್ ಒಳಗಿನ ಕಾದ ಗಾಳಿ. ಹೊರಗೆ 30 ಡಿಗ್ರಿ, ಒಳಗೆ 60 ಅಂದ್ಕೊಳ್ಳಿ. ಗಾಳಿಯ ಸಾಂದ್ರತೆ ಹತ್ತಿರ ಹತ್ತಿರ ಶೇ. 9 ಕಮ್ಮಿ. ಆಮ್ಲಜನಕವೂ ಅಷ್ಟೇ ಕಮ್ಮಿ. ಗ್ರಿಲ್ ಹಿಂದಿನಿಂದ ಫಿಲ್ಟರ್‌ವರೆಗೆ ಒಂದು ಪೈಪ್ ಎಳೆದ್ರೆ ತಣ್ಣನೆ ಗಾಳಿ ಸಿಗುತ್ತೆ. ಪೈಪು ರೀಲ್ಸಲ್ಲಿ ಕಾಣಲ್ಲ ನೋಡಿ, ಅದಕ್ಕೇ ಯಾರಿಗೂ ಬೇಡ.

ಬಾನೆಟ್ ಹಿಂಬದಿಗೆ ವಾಷರ್ ಕೊಟ್ಟು ಎತ್ತರಿಸೋ ಟ್ರಿಕ್ ಇದೆಯಲ್ಲ, "ಬಿಸಿ ಹೊರಗೆ ಹೋಗುತ್ತೆ" ಅಂತ? ನಿಂತಿದ್ದಾಗ ಹೋಗುತ್ತೆ, ಸರಿ. ಸ್ಪೀಡಲ್ಲಿ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ, ಅಲ್ಲಿಂದ ಗಾಳಿ ಒಳಗೇ ನುಗ್ಗುತ್ತೆ. 1970ರ ಷೆವೆಲ್ ಎಸ್‌ಎಸ್ ಕಾರಿನ ಕೌಲ್ ಇಂಡಕ್ಷನ್ ಬಾನೆಟ್ ಬಾಯಿ ತೆರೆಯೋದು ಹಿಂದಕ್ಕೆ, ಇದೇ ಕಾರಣಕ್ಕೆ. ಅವರು ಗಾಳಿ ತಗೊಳ್ಳೋಕೆ ಬಳಸಿದ ಜಾಗದಲ್ಲಿ ನೀವು ಗಾಳಿ ಬಿಡೋಕೆ ಹೊರಟಿದೀರಿ.

4/4
ಉಬ್ಬೇ ಬೇಡ ಅಂತ ನಾನು ಹೇಳ್ತಿಲ್ಲ. ಬೇರೆ ದಾರಿ ಇಲ್ಲದಿದ್ರೆ ಹಾಕಿ. ಆದ್ರೂ ಒರಿಜಿನಲ್ ಬಾನೆಟ್ ಎತ್ತಿಟ್ಟು, ಇನ್ನೊಂದು ಬಾನೆಟ್ ತಂದು ಅದಕ್ಕೆ ಹಾಕಿ. ಅದಕ್ಕೂ ಮುಂಚೆ ಮಕ್ಕಳು ಆಡೋ ಕ್ಲೇ ತಗೊಳ್ಳಿ. ಏರ್ ಫಿಲ್ಟರ್ ಮುಚ್ಚಳದ ಮೇಲೆ ಮೂರ್ನಾಲ್ಕು ಉಂಡೆ ಇಡಿ, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೀರಿ. ಚಪ್ಪಟೆಯಾದ ಉಂಡೆಯ ದಪ್ಪ ಎಷ್ಟೋ ಅಷ್ಟೇ ನಿಮ್ಮ ಗ್ಯಾಪ್. ಆಕ್ಸಿಲರೇಟರ್ ತುಳಿದಾಗ ಎಂಜಿನ್ ಮೌಂಟ್ ಮೇಲೆ ಹೊರಳುತ್ತೆ, ಒಂದು ಬದಿ ಮೇಲೇಳುತ್ತೆ. ಅದಕ್ಕೂ ಜಾಗ ಬಿಡಿ.

ಸ್ಕೂಪ್ ಪರ ವಾದ ಇರೋರು ಕಾಮೆಂಟ್‌ಗೆ ಬನ್ನಿ, ಬೆಂಕಿ ಇಮೋಜಿ ಬೇಡ, ಕ್ಲೇ ಅಳತೆ ಬರೀರಿ.

#ಹಳೇಕಾರು #ಎಂಜಿಬಿ #ಬಾನೆಟ್‌ಕೊಯ್ಯಬೇಡಿ