ಲಕ್ವಕ್ಕೆ ಮದ್ದು ಊರಿನ ಬಸ್ಸಲ್ಲ!

ಕಾರ್ಮಿಕ ಬಂಧುಗಳೇ,

ನಮ್ಮೊಡನೆ ದುಡಿಯುತ್ತಿದ್ದ ದೋಸೆ ಭಟ್ಟರ ಕೈಯಿಂದ ಒಂದು ಮುಂಜಾನೆ ಸೌಟು ಜಾರಿಬಿತ್ತು. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. “ರಾತ್ರಿ ಕುಡಿದಿರಬೇಕು” ಎಂದರು ಗಲ್ಲೆಯಲ್ಲಿದ್ದ ಧಣಿಗಳು. ನಾವಾದರೂ ಮಾಡಿದ್ದೇನು? ಎಣ್ಣೆ ಕಾಯಿಸಿ ತಿಕ್ಕಿದೆವು. ಸಂಜೆ ಧಣಿಗಳು ಟಿಕೇಟು ತೆಗೆಸಿ ಮುಂಬಯಿಯಿಂದ ಊರಿನ ಬಸ್ಸಿಗೆ ಹತ್ತಿಸಿದರು. ಆ ಬಲಗೈ ಇಂದಿಗೂ ಏಳುತ್ತಿಲ್ಲ.

ಇದು ಗ್ರಹಚಾರವಲ್ಲ, ಗಾಳಿಸೋಂಕೂ ಅಲ್ಲ. ಲಕ್ವ ಕೈಕಾಲಿನ ರೋಗವೇ ಅಲ್ಲ, ಮೆದುಳಿನದು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿ ರಕ್ತ ನಿಲ್ಲುವುದು ಒಂದು ಬಗೆ, ಹೆಚ್ಚಿನವು ಇವೇ. ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ಸೋರುವವನಿಗೆ ಅದನ್ನೇ ಕೊಟ್ಟರೆ ಪ್ರಾಣಾಪಾಯ. ಯಾವ ಬಗೆಯೆಂದು ಸ್ಕ್ಯಾನ್ ಹೇಳಬೇಕೇ ಹೊರತು ಧಣಿಗಳಲ್ಲ, ನಾವೂ ಅಲ್ಲ. ಹೀಗಿರುವಾಗ ರಾತ್ರಿಯೆಲ್ಲ ಓಡುವ ಬಸ್ಸಿಗೆ ಹತ್ತಿಸುವುದು ಯಾವ ಧರ್ಮ?

ಮೂರನೆಯದೂ ಒಂದುಂಟು, ಕಳ್ಳನಂಥದು. ಕೈ ಜೋಮು ಹಿಡಿದು, ಮಾತು ನಿಂತು, ಹತ್ತಿಪ್ಪತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಭಟ್ಟರಿಗೂ ವಾರದ ಹಿಂದೆ ಹಾಗಾಗಿತ್ತು. ನಾವು ಚಹಾ ಕುಡಿಸಿ ನಕ್ಕುಬಿಟ್ಟೆವು. ಅದು ನಗುವ ಮಾತಲ್ಲ, ದೊಡ್ಡ ಹೊಡೆತದ ಮುನ್ಸೂಚನೆ. ಸರಿಹೋದರೂ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕು.

ಗುರುತು ನೆನಪಿಡಿ. ನಗಲು ಹೇಳಿ: ಬಾಯಿ ಒಂದು ಕಡೆ ಜೋತುಬೀಳುವುದೇ? ಎರಡೂ ಕೈ ಎತ್ತಲು ಹೇಳಿ: ಒಂದು ಕೆಳಗಿಳಿಯುವುದೇ? ಹೆಸರು ಕೇಳಿ: ನಾಲಿಗೆ ತೊದಲುವುದೇ? ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ನಡೆಯುವಾಗ ತೂರಾಡುವುದು, ಹಿಂದೆಂದೂ ಕಾಣದ ತಲೆನೋವು ಇವೂ ಗುರುತುಗಳೇ. ಒಂದೇ ಕಂಡರೂ ಗಂಟೆ ಎಷ್ಟೆಂದು ಬರೆದಿಟ್ಟು 108ಕ್ಕೆ ಫೋನ್ ಮಾಡಿ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೇ ಒಯ್ಯಿರಿ. ನೀರು, ಗುಳಿಗೆ ಏನನ್ನೂ ಬಾಯಿಗೆ ಹಾಕಬೇಡಿ.

ಈ ರೋಗದ ದೊಡ್ಡ ಬೇರು ರಕ್ತದೊತ್ತಡ. ಅದು ನೋವು ಕೊಡದೆ ಬೆಳೆಯುತ್ತದೆ. ಬೀಡಿ, ತಂಬಾಕು ಅದಕ್ಕೆ ಜೊತೆಗಾರರು. ಹೋಟೆಲಿರಲಿ, ಗಿರಣಿಯಿರಲಿ, ಒತ್ತಡ ಅಳೆಸಿಕೊಳ್ಳದವನು ಕಣ್ಣುಕಟ್ಟಿಕೊಂಡು ನಡೆಯುವವನು.

ಧಣಿಗಳಿಗೂ ಒಂದು ಮಾತು. ಇ.ಎಸ್.ಐ. 1948ರ ಕಾನೂನು ತಂದ ಹಕ್ಕು, ನಿಮ್ಮ ಧರ್ಮದ ಕಾಸಲ್ಲ. ಅರ್ಹರ ಹೆಸರು ಬರೆಸಿರಿ. ಗಲ್ಲೆಯ ಗೋಡೆಗೆ ದೇವರ ಪಟದ ಪಕ್ಕದಲ್ಲಿ ಆಸ್ಪತ್ರೆಯ ನಂಬರು ತೂಗಹಾಕಿರಿ. ಬಸ್ಸಿನ ಟಿಕೇಟು ಕೊಟ್ಟು ಕೈತೊಳೆದುಕೊಳ್ಳುವುದನ್ನು ನಾವು ಇನ್ನು ಸಹಿಸುವುದಿಲ್ಲ.

ಊರಿಗೆ ಹೋಗೋಣ, ಬಂಧುಗಳೇ. ಆದರೆ ನಮ್ಮ ಕಾಲಮೇಲೆ ನಡೆದೇ ಹೋಗೋಣ!