ರೋಗಿಯ ಪ್ರಾಣವೂ ಒಂದು ಅಮಾನತ್

2021ರ ಮೇ 3ರಂದು ಕೇಂದ್ರ ಸರಕಾರವು, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಲಘು ಲಕ್ಷಣದ ಕೋವಿಡ್ ರೋಗಿಗಳ ಮೇಲೆ ನಿಗಾ ವಹಿಸಲು ಎಂಬಿಬಿಎಸ್ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಅನುಮತಿ ನೀಡಿತು. ಅದೇ ಹೊತ್ತಿನಲ್ಲಿ ನಮ್ಮ ನೆರೆಯ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಪ್ರಾಣ ಕಳೆದುಕೊಂಡರು. ವೈದ್ಯನ ಜಾಣ್ಮೆಯೊಂದೇ ರೋಗಿಯನ್ನು ಉಳಿಸಲಾರದು. ಮುನ್ನೆಚ್ಚರಿಕೆಯೂ ಚಿಕಿತ್ಸೆಯ ಭಾಗವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕೈ ತೊಳೆಯುವಂತಹ ಸಣ್ಣ ಶಿಸ್ತಿನ ಬೆಲೆಯನ್ನು ಆ ಕಾಲ ಕಲಿಸಿತು. ಆದರೆ ಅವಸರವು, ಸಂಶಯವನ್ನು ನುಂಗಿ ತಪ್ಪನ್ನು ಮುಚ್ಚಿಡುವ ಅಭ್ಯಾಸಕ್ಕೂ ದಾರಿಮಾಡಬಲ್ಲದು.

ಮಿರ್ಲೆಯಂತಹ ಊರುಗಳಿಂದ ಮಕ್ಕಳನ್ನು ವೈದ್ಯಕೀಯ ಶಿಕ್ಷಣಕ್ಕೆ ಕಳುಹಿಸುವ ಹೆತ್ತವರು ಅಂಕಗಳನ್ನಷ್ಟೇ ವಿಚಾರಿಸಿದರೆ ಸಾಲದು. “ಸಂಶಯ ಬಂದಾಗ ಹಿರಿಯರನ್ನು ಕೇಳಿದೆಯಾ? ತಪ್ಪಾದರೆ ಒಡನೆ ತಿಳಿಸಿದೆಯಾ?” ಎಂದೂ ಕೇಳಬೇಕು. ರೋಗಿಯ ಪ್ರಾಣವು ಅಮಾನತ್. ಅದಕ್ಕೆ ಅಲ್ಲಾಹನ ಮುಂದೆ ಉತ್ತರಿಸಬೇಕಾಗಿದೆ.