ಗೀರು ಬಿದ್ದ ಸಿಡಿಗೆ ಕೊಬ್ಬರಿ ಎಣ್ಣೆ ಬೇಡ

ತಿಪಟೂರಿನ ಕಡೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು. ಗೀರು ಬಿದ್ದ ಸಿಡಿಗೂ ಅದನ್ನೇ ಸವರುವವರಿದ್ದಾರೆ. ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಎಣ್ಣೆ ಗೀರನ್ನು ಮರೆಮಾಡೀತು, ಅಳಿಸದು. ಮೇಲೆ ಧೂಳು ಅಂಟುತ್ತದೆ.

ಸಿಡಿ 1.2 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ. ಲೇಸರ್ ಓದುವುದು ಹೊಳೆಯುವ ಬದಿಯಿಂದ. ಅಲ್ಲಿನ ಸಣ್ಣ ಗೀರನ್ನು ಬಿಳಿ ಟೂತ್‌ಪೇಸ್ಟ್ ಸವೆಸಿ ನಯಮಾಡಬಲ್ಲದು. ಮೆತ್ತನೆಯ ಹತ್ತಿಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಉಜ್ಜಿ, ತೊಳೆದು ಒಣಗಿಸಿ. ಸುತ್ತ ಉಜ್ಜಬೇಡಿ; ಮಾಹಿತಿಯ ಸಾಲೂ ಸುತ್ತಲೇ ಸಾಗುತ್ತದೆ. ಹೆಸರು ಬರೆದ ಬದಿ ಆಳವಾಗಿ ಗೀರಿದರೆ ಮದ್ದಿಲ್ಲ. ಮಾಹಿತಿಯ ಪದರ ಅದರಡಿಯೇ ಇದೆ.

ನಮ್ಮ ದಾದಿಯ ದನಿ ಉಳಿದಿರುವುದು ಒಂದು ನಿಕಾಹ್ ಸಿಡಿಯಲ್ಲಿ ಮಾತ್ರ. ಅಂಥ ಸಿಡಿ ನಿಮ್ಮಲ್ಲೂ ಇದ್ದೀತು. ಒಮ್ಮೆ ಓಡಿದರೆ ಅಂದೇ ಪೆನ್‌ಡ್ರೈವ್‌ಗೆ ನಕಲಿಳಿಸಿಕೊಳ್ಳಿ.